ಬೆದರುಹಗ್ಗ

ಭಾವನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅಕ್ಕನ ಎದುರು ಬಾಯಿ ಬಿಡುವಂತಿಲ್ಲ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ಬೋಟು ಭಾವನದು. ಅವನು, ನಾನು, ಅಡುಗೆಯವ, ಇಂಜಿನ್ ಮುದುಕ, ಒಟ್ಟು ನಾಲ್ಕೇ ಜನ. ಬೆಳಗ್ಗೆ ಮೈಲುಗಟ್ಟಲೆ ಹಗ್ಗವನ್ನು ಹಿಂಬದಿಯಿಂದ ಸಮುದ್ರಕ್ಕೆ ಬಿಡುತ್ತಿದ್ದೆವು. ಅದರುದ್ದಕ್ಕೂ ಗಾಳ, ಗಾಳಕ್ಕೆ ಮೀನಿನ ತುಂಡು. ಅದು ಮುಳುಗುವ ಮೊದಲೇ ಹಕ್ಕಿಗಳು ಬಂದು ಬಾಯಿ ಹಾಕುತ್ತವೆ, ಗಾಳಕ್ಕೆ ಸಿಕ್ಕಿ ಹಗ್ಗದ ಜೊತೆಗೇ ಮುಳುಗಿ ಸಾಯುತ್ತವೆ. ಅದನ್ನು ತಪ್ಪಿಸಲಿಕ್ಕೆಂದೇ ಬೆದರುಹಗ್ಗ. ಹಿಂಬದಿಯ ಕಂಬದಿಂದ ಇಳಿಬಿಟ್ಟರೆ ಅದರ ಕೆಂಪು ಪಟ್ಟಿಗಳು ಗಾಳಿಗೆ ಪಟಪಟ ಹೊಡೆದುಕೊಳ್ಳುತ್ತವೆ, ಹಕ್ಕಿ ಹತ್ತಿರ ಸುಳಿಯುವುದಿಲ್ಲ. ಬಂದರಿನ ಕಚೇರಿಯವರು ಅದನ್ನು ಕಡ್ಡಾಯ ಮಾಡಿದ್ದರು.

ಭಾವ ಬಂದರಿನಲ್ಲಿ ನಾಲ್ಕು ಜನರಿಗೆ ಕಾಣುವಂತೆ ಅದನ್ನು ಕಟ್ಟುತ್ತಿದ್ದ. ದಡ ಮರೆಯಾದ ಕೂಡಲೇ ಸುತ್ತಿ ಮೂಲೆಗೆ ಎಸೆಯುತ್ತಿದ್ದ.

“ಗಾಳಕ್ಕೆ ಸಿಕ್ಕಾಕ್ಕೊಂಡ್ರೆ ಬಿಡಿಸೋಕೆ ನಿಮ್ಮಪ್ಪ ಬರ್ತಾನಾ?” ಎನ್ನುತ್ತಿದ್ದ.

“ಬಂದ್ರೆ ಮೊದಲು ಅಳಿಯನ ಕಿವಿ ಹಿಂಡ್ತಾನೆ,” ಎನ್ನುತ್ತಿದ್ದೆ ನಾನು.

ಸತ್ತ ಹಕ್ಕಿಗಳನ್ನು ಎಡಬದಿಯಿಂದ ನೀರಿಗೆ ಬಿಸಾಡುವುದು ನಮ್ಮ ಬೋಟಿನ ರೂಢಿ. ಆಮೇಲೆ ಯಾರೂ ತುಟಿಪಿಟಿಕ್ ಅನ್ನುವಂತಿಲ್ಲ. ಕಚೇರಿಯವರು ಕೇಳಿದರೆ ಭಾವ, “ಒಂದೂ ಇಲ್ಲ ಸಾರ್,” ಎಂದು ಹಲ್ಲು ಕಿರಿಯುತ್ತಿದ್ದ.

ಆ ಸಲ ಹೊರಡುವಾಗ ಅಕ್ಕ ನನ್ನ ಕೈ ಹಿಡಿದುಕೊಂಡಳು. ಏಳು ತಿಂಗಳ ಬಸುರಿ. “ಅವರದ್ದು ಹುಂಬ ಧೈರ್ಯ ಕಣೋ. ನೀನೇ ನೋಡ್ಕೋ,” ಎಂದಳು. ನೋಡಿಕೊಳ್ಳುತ್ತೇನೆಂದು ಮಾತು ಕೊಟ್ಟೆ.

ಮೊದಲ ದಿನ ಹದಿನಾರು ಹಕ್ಕಿಗಳು ಬೋಟಿನ ಬೆನ್ನು ಹತ್ತಿದವು. ಮಧ್ಯಾಹ್ನ ಹಗ್ಗ ಎಳೆದಾಗ ಹದಿನಾರೂ ಸತ್ತು ಮೇಲೆ ಬಂದವು. ಬಿಸಾಡಿದೆವು.

ಎರಡನೆಯ ದಿನ ಆಕಾಶ ಬೋಳು. ಹಗ್ಗ ಬಿಟ್ಟಷ್ಟು ಹೊತ್ತೂ ನಾನು ತಲೆಯೆತ್ತಿ ನೋಡಿದ್ದೇನೆ, ಒಂದು ರೆಕ್ಕೆಯೂ ಕಾಣಲಿಲ್ಲ. ಆದರೂ ಎಳೆದಾಗ ಗಾಳಗಳಲ್ಲಿ ಒಂಬತ್ತು ಹಕ್ಕಿಗಳಿದ್ದವು. ಒಂದಕ್ಕೆ ಎಡಗಾಲಿನ ಪಾದವೇ ಇರಲಿಲ್ಲ, ಹಳೆಯ ಗಾಯ ಒಣಗಿ ಮೊಂಡಾಗಿತ್ತು. ಅಡುಗೆಯವ ಮುಟ್ಟಲೊಲ್ಲ. ನಾನೇ ಬಿಡಿಸಿ ಎಸೆದೆ.

ಕೊನೆಯ ಗಾಳಕ್ಕೆ ಒಂದು ಹಳದಿ ರೇನ್‌ಕೋಟು ಸಿಕ್ಕಿತ್ತು. ಮೊಣಕೈ ಹತ್ತಿರ ನೀಲಿ ದಾರದ ಹೊಲಿಗೆ. ಅಕ್ಕನ ಕೈ ಹೊಲಿಗೆ ಅದು, ಹಳದಿ ದಾರ ಮುಗಿದಿದೆ ಎಂದು ಗೊಣಗಿಕೊಂಡು ಹಾಕಿದ್ದಳು. ಭಾವನ ಕೋಟಿಗೆ! ಭಾವ ನನ್ನ ಪಕ್ಕದಲ್ಲೇ ನಿಂತಿದ್ದ, ಅದೇ ಕೋಟು ಹಾಕಿಕೊಂಡು.

ಅವನು ತನ್ನ ಮೊಣಕೈ ನೋಡಿಕೊಂಡ. ಮುಖದಲ್ಲಿ ರಕ್ತವೇ ಇರಲಿಲ್ಲ. ಆಮೇಲೆ ಜೋರಾಗಿ ನಕ್ಕ.

“ಇಂಥ ಕೋಟು ಊರ ತುಂಬ ಇದೆ ಬಿಡೋ.”

“ನೀಲಿ ಹೊಲಿಗೆ ಹಾಕಿದ್ದು? ನಾಳೆ ಅದನ್ನ ಹಾಕ್ಕೋಬೇಡಿ ಭಾವ, ನಿಮ್ಮ ಕಾಲಿಗೆ ಬೀಳ್ತೀನಿ.”

“ಚಳಿಗೆ ಸಾಯ್ಲಾ? ಬಾಯ್ಮುಚ್ಚಿ ಕೆಲಸ ನೋಡು.”

ಕೋಟನ್ನು ಎಡಬದಿಯಿಂದ ನೀರಿಗೆ ಎಸೆದ.

ಮೂರನೆಯ ಬೆಳಗ್ಗೆ ಹಕ್ಕಿಗಳು ಬಂದವು. ಎಣಿಸಿದೆ, ಒಂಬತ್ತು. ಅದರಲ್ಲೊಂದು ಬೋಟಿನ ಅಂಚಿನ ಮೇಲೆ ಇಳಿದು ಒಂಟಿಗಾಲಲ್ಲಿ ನಿಂತಿತು. ಎಡಗಾಲಿಗೆ ಪಾದವಿರಲಿಲ್ಲ. ಕೂಗಲಿಲ್ಲ, ಕದಲಲಿಲ್ಲ, ಸುಮ್ಮನೆ ನನ್ನನ್ನು ನೋಡಿತು. ನಿನ್ನೆ ಮೇಲೆ ಬಂದದ್ದು ಇವತ್ತಿನ ಸಾವು.

ಹಕ್ಕಿ ಸಾಯದಿದ್ದರೆ ಭಾವನೂ ಉಳಿದಾನು ಎಂದು ನನ್ನ ಮಂಡೆಗೆ ಹೊಳೆಯಿತು. ಭಾವ ಮುಂದೆ ಚುಕ್ಕಾಣಿ ಹಿಡಿದಿದ್ದಾಗ ಬೆದರುಹಗ್ಗ ಬಿಚ್ಚಿ ಕಂಬಕ್ಕೆ ಕಟ್ಟಿಬಿಟ್ಟೆ. ಕೆಂಪು ಪಟ್ಟಿಗಳು ಹಾರಾಡಿದವು. ಹಕ್ಕಿಗಳು ದೂರ ಸರಿದವು, ಒಂಬತ್ತೂ. ನನಗೆ ಅಳುವೇ ಬಂತು, ಅಷ್ಟು ಖುಷಿ.

ಆದರೆ ಭಾವ ಹೇಳುತ್ತಿದ್ದುದು ಸುಳ್ಳಾಗಿರಲಿಲ್ಲ. ಒಂದು ಪಟ್ಟಿ ನೀರಿಗೆ ಓಡುತ್ತಿದ್ದ ಹಗ್ಗದ ಗಾಳಕ್ಕೆ ಸಿಕ್ಕಿಕೊಂಡಿತು. ಅವನು ಚುಕ್ಕಾಣಿಯನ್ನು ಮುದುಕನ ಕೈಗೆ ಕೊಟ್ಟು, “ಯಾವನೋ ಕಟ್ಟಿದ್ದು?” ಎಂದು ಬೈಯುತ್ತ ಓಡಿಬಂದ. ಬಿಡಿಸಲು ಬಗ್ಗಿದ. ಮುಂದಿನ ಗಾಳ ತೋಳಿಗೆ ಕಚ್ಚಿತು. ನಾನು ಕೈ ಚಾಚುವಷ್ಟರಲ್ಲಿ ಅವನಿರಲಿಲ್ಲ.

ತಕ್ಷಣ ಹಗ್ಗ ಎಳೆದೆವು. ಖಾಲಿ ಗಾಳ, ಖಾಲಿ ಗಾಳ, ಖಾಲಿ ಗಾಳ. ಹಕ್ಕಿ ಒಂದೂ ಇಲ್ಲ. ಆಮೇಲೆ ಹಳದಿ ತೋಳು ಕಂಡಿತು.

ಕಟ್ಟಿದವನು ನಾನು. ಹಕ್ಕಿಗಳನ್ನು ಉಳಿಸಿ ಅವನನ್ನು ಕಳುಹಿಸಿದೆ. ಆದರೆ ಅವನೇ ಮೊದಲಿನಿಂದ ಕಟ್ಟಿ ಅಭ್ಯಾಸ ಮಾಡಿಕೊಂಡಿದ್ದರೆ ಹೀಗೆ ಸಿಕ್ಕು ಬೀಳುತ್ತಿತ್ತೇ? ಹೇಳಿ!

ವೈರ್‌ಲೆಸ್‌ನಲ್ಲಿ ಸುದ್ದಿ ಹೇಳಲು ಹೊರಟ ಮುದುಕನನ್ನು ನಾನೇ ತಡೆದೆ. ಅಕ್ಕನಿಗೆ ಹೇಳಬೇಕಾದವನು ನಾನು.

ಬಂದರಿನಲ್ಲಿ ಅಕ್ಕ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಅಡುಗೆಯವ ಇಳಿದ, ಮುದುಕ ಇಳಿದ, ನಾನೂ ಇಳಿದೆ. ಅವಳು ನನ್ನ ಭುಜದ ಮೇಲಿಂದ ಬೋಟಿನ ಕಡೆಗೇ ನೋಡುತ್ತಿದ್ದಳು.

“ಅಕ್ಕ, ಇನ್ನು ಯಾರೂ ಇಳಿಯಲ್ಲ,” ಎಂದೆ.

“ಬಾಗಿಲಿಗೆ ಬೀಗ ಹಾಕಿ ಕೊನೆಗೇ ಇಳಿಯೋದು ಕಣೋ ಅವರು,” ಎಂದು ನಕ್ಕಳು. “ನೀನು ಸ್ವಲ್ಪ ಪಕ್ಕಕ್ಕೆ ಬಾ, ಕಾಣ್ಲಿ.”