ಒಂದೇ ನಂಬರಿನ ಶೂ

"ಈ ಶೂ ಬೇರೆ ಯಾರದ್ದೋ ಕಾಲಿಗೆ ಪಳಗಿದೆ ಮೇಡಂ," ಎಂದ ಸೈಕಲ್ ಅಂಗಡಿಯವನು.

ಶೂ ಒಳಗಿನಿಂದ ತೆಗೆದ ಮೆತ್ತೆಯನ್ನು ಕಿಟಕಿಯ ಬೆಳಕಿಗೆ ಹಿಡಿದಿದ್ದ. ಸವಾರರ ಮೈಗೆ ತಕ್ಕಂತೆ ಸೀಟು, ಹ್ಯಾಂಡಲ್ಲು, ಪೆಡಲ್ಲು ಹೊಂದಿಸಿಕೊಡುವುದು ಅವನ ಕಸುಬು. ಮೊದಲು ಚಪ್ಪಲಿ ಹೊಲಿಯುತ್ತಿದ್ದವನಾದ್ದರಿಂದ ಏನೇ ದೂರು ತಂದರೂ ಕಾಲಿನಿಂದಲೇ ಶುರುಮಾಡುತ್ತಿದ್ದ.

"ಅಕ್ಕನದು," ಎಂದಳು ಅವಳು. "ಚಿಕ್ಕಂದಿನಿಂದ ನಮ್ಮಿಬ್ಬರದೂ ಒಂದೇ ನಂಬರು."

"ನಂಬರು ಒಂದೇ ಇರಬಹುದು. ಅವರ ಪಾದ ಮಟ್ಟಸ, ನಿಮ್ಮದು ಕಮಾನು. ನಡುವೆ ಆಸರೆನೇ ಇಲ್ಲ, ಭಾರ ಎಲ್ಲಾ ಮುಂಗಾಲಿಗೇ ಬೀಳುತ್ತೆ. ಜೋಮು ಹಿಡೀದೆ ಇನ್ನೇನಾಗುತ್ತೆ? ನಿಮ್ದು ಅಂತ ಶೂ ಇರ್ಲಿಲ್ವಾ?"

"ಇದೆ," ಎಂದಳು.

ಹದಿನಾರು ವರ್ಷ, ಭಾನುವಾರ ತಪ್ಪದೆ, ಅಕ್ಕತಂಗಿ ಜೊತೆಯಾಗಿ ಸೈಕಲ್ ಹೊಡೆದಿದ್ದರು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ, ಅಕ್ಕ ಅಂಚೆ ಕಚೇರಿಯಲ್ಲಿ. ಯಾರಾದರೂ ಮದುವೆಯ ಮಾತೆತ್ತಿದರೆ ಇಬ್ಬರೂ ಕಣ್ಣಲ್ಲೇ ನಗುತ್ತಿದ್ದರು. ಹೋದ ವರ್ಷ, ನಲವತ್ತಾರನೆಯ ವಯಸ್ಸಿನಲ್ಲಿ, ಅಕ್ಕ ಒಬ್ಬ ಮೇಷ್ಟರನ್ನು ಮದುವೆಯಾಗಿ ದೂರದ ಊರು ಸೇರಿದಳು. "ಇವರಿಗೆ ಮಂಡಿನೋವು ಕಣೇ. ಸಂಜೆ ಇಬ್ರೂ ಮೆಲ್ಲಗೆ ನಡ್ಕೊಂಡು ಹೋಗ್ತೀವಿ. ಶೂ ನೀನೇ ಹಾಕ್ಕೋ," ಎಂದಿದ್ದಳು ಫೋನಿನಲ್ಲಿ. ದನಿಯಲ್ಲಿ ಸುಖವಿತ್ತು. ತಂಗಿ ಯಾರನ್ನು ದೂರಬೇಕು?

ಅಂದಿನಿಂದ ಅದನ್ನೇ ತೊಟ್ಟು ಒಬ್ಬಳೇ ಹೊರಟರೆ ನೀರಿನ ಟ್ಯಾಂಕಿನ ಹತ್ತಿರ ಬರುವಷ್ಟರಲ್ಲಿ ಬಲಗಾಲು ಮರಗಟ್ಟುತ್ತಿತ್ತು. ಅಲ್ಲಿಂದಲೇ ತಿರುಗಿ ಮನೆಗೆ ಬಂದುಬಿಡುತ್ತಿದ್ದಳು.

ಅಂಗಡಿಯವನು ಅವಳ ಅಂಗಾಲನ್ನು ಒದ್ದೆಮಾಡಿಸಿ ಕಂದು ಕಾಗದದ ಮೇಲೆ ನಿಲ್ಲಿಸಿದ. ಎರಡು ಹೆಜ್ಜೆ ಗುರುತುಗಳೂ ಬೇರೆಬೇರೆಯಾಗಿ ಮೂಡಿದವು.

"ನೋಡಿ, ಎಡಗಾಲು ಅತ್ತೆ, ಬಲಗಾಲು ಸೊಸೆ. ಇರೋದು ಒಂದೇ ಮನೇಲಿ, ಗುಣ ಮಾತ್ರ ಒಂದಲ್ಲ."

ಬಹಳ ದಿನಗಳ ಮೇಲೆ ಅವಳು ಗಟ್ಟಿಯಾಗಿ ನಕ್ಕಳು. ಅವನು ಹೊಸ ಮೆತ್ತೆ ಕತ್ತರಿಸಿ, ಕಮಾನಿನ ಕೆಳಗೆ ದಪ್ಪ ತುಂಡು ಅಂಟಿಸಿ, ಅಂಚು ಉಜ್ಜಿದ. ಶೂವನ್ನು ತಿರುಗಿಸಿ ನೋಡಿ, "ಶೂ ಅಕ್ಕಂದೇ ಇರ್ಲಿ ಬಿಡಿ. ಒಳಗಡೆ ನಿಮ್ಮದಿರ್ಲಿ," ಎಂದ.

ಭಾನುವಾರ ಬೆಳಿಗ್ಗೆ ಟ್ಯಾಂಕು ಬಂತು, ಹಿಂದೆ ಸರಿಯಿತು. ಕಾಲು ಬೆಚ್ಚಗಿತ್ತು, ಪ್ರತಿ ಬೆರಳೂ ಗೊತ್ತಾಗುತ್ತಿತ್ತು. ಜೋಮು ಹೋದರೆ ಮನಸ್ಸು ಹಗುರವಾಗುತ್ತದೆ ಎಂದುಕೊಂಡಿದ್ದಳು. ಈಗ ತಿರುಗಿಹೋಗಲು ನೆಪವೂ ಉಳಿದಿರಲಿಲ್ಲ. ಎದುರಿಗೆ ಉದ್ದಕ್ಕೂ ರಸ್ತೆ, ಖಾಲಿ.

ಏರಿನಲ್ಲಿ ಹಿಂದಿನಿಂದ ಸೈಕಲ್ ಗಂಟೆ ಕೇಳಿಸಿತು. ಅವಳು ತಿರುಗದೆಯೇ ಅಂಚಿಗೆ ಸರಿದು, "ಬಾರೇ ಅಕ್ಕ, ಜಾಗ ಇದೆ," ಎಂದಳು.

ಪಕ್ಕಕ್ಕೆ ಬಂದವನು ಬ್ರೆಡ್ಡು ಮಾರುವ ಮುದುಕ. ಏದುಸಿರಿನ ನಡುವೆ ಅವಳ ಮುಖವನ್ನೊಮ್ಮೆ ನೋಡಿದ.

"ಬಂದೆ ಕಣಮ್ಮ," ಎಂದ.

ಮುಂದಕ್ಕೆ ಹೋಗಲಿಲ್ಲ. ಏರು ಮುಗಿಯುವವರೆಗೂ ಇಬ್ಬರೂ ಜೊತೆಜೊತೆಗೆ ತುಳಿದರು. ಅವನ ಬುಟ್ಟಿಗೆ ಹೊದಿಸಿದ್ದ ಬಿಳಿ ಬಟ್ಟೆಯ ತುದಿ ಗಾಳಿಗೆ ಎದ್ದೆದ್ದು, ಆಗಾಗ ಅವಳ ತೋಳಿಗೆ ತಾಕುತ್ತಿತ್ತು.