ನರ್ಸಬಾಯಿಗೆ ಕೋಣೆ ಕೊಟ್ಟ ಗೌರಾಬಾಯಿ

ಜೇವರಗಿ ತಾಲೂಕಿನಲ್ಲಿ ಕೊಳಕೂರ ಬಿಟ್ಟು ಹಳ್ಳ ದಾಟಿದರೆ ಹಿರೇಜಾಲಿ ಎಂಬ ಊರು. ನಿಜಾಮ ಸರ್ಕಾರದ ಕಾಲದ ಮಾತು. ಆ ಊರಿಗೆ ಒಂದು ದವಾಖಾನೆ ಬಂದಿತ್ತು. ಆದರೆ ಅಲ್ಲಿಗೆ ಬಂದ ನರ್ಸಬಾಯಿಯರು ಯಾರೂ ನಿಲ್ಲುತ್ತಿರಲಿಲ್ಲ. ಒಬ್ಬಳು ದೀಪಾವಳಿಗೆ ಮೊದಲೇ ಹೋದಳು. ಇನ್ನೊಬ್ಬಳು ಬಿಸಿಲು ಏರುವ ಮುಂಚೆ ಗಂಟು ಕಟ್ಟಿದಳು. ಪಟ್ಟಣದವರಿಗೆ ಹಳ್ಳಿ ಒಗ್ಗುವುದಿಲ್ಲ ಎಂದು ಜನ ಕಟ್ಟೆಯ ಮೇಲೆ ಕೂತು ಮಾತಾಡುತ್ತಿದ್ದರು. ಬಂದವರಲ್ಲಿ ಒಬ್ಬಳಿಗಾದರೂ ಇರಲು ಒಂದು ಕೋಣೆ ಕೊಟ್ಟೆವೇ ಎಂದು ಮಾತ್ರ ಯಾರೂ ಕೇಳಿಕೊಳ್ಳುತ್ತಿರಲಿಲ್ಲ.

ಆ ವರ್ಷ ಮಳೆಗಾಲದ ಮೊದಲು ಮೂರನೆಯವಳು ಬಂದಳು. ಹೆಸರು ಫಕ್ರುನ್ನಿಸಾ. ಆಳಂದದವಳು. ಗಂಡ ತೀರಿಕೊಂಡ ಮೇಲೆ ಹೈದರಾಬಾದಿಗೆ ಹೋಗಿ ಹೆರಿಗೆ ಮಾಡಿಸುವ ಕೆಲಸ ಕಲಿತು ಬಂದಿದ್ದಳು. ಮಾತು ನಮ್ಮ ಸೀಮೆಯದೇ. ಬಂದ ದಿನವೇ ಅವಳು ಮನೆ ಕೇಳಿಕೊಂಡು ಊರೆಲ್ಲ ತಿರುಗಿದಳು. ಊರಿನ ಪಾಟೀಲ ದೌಲತರಾಯ, ನಮ್ಮ ಓಣಿಯಲ್ಲಿ ಬೇರೆ ಜಾತಿಯವರಿಗೆ ಕೋಣೆ ಕೊಡುವ ಪದ್ಧತಿ ಇಲ್ಲ ಎಂದ. ಸರಿ ಎಂದು ಅವಳು ತನ್ನವರ ಓಣಿಗೆ ಹೋದಳು. ಅಲ್ಲಿ ಕರೀಮಸಾಬ ತಲೆ ತಗ್ಗಿಸಿ, ಒಂಟಿ ಹೆಂಗಸು, ಹೊತ್ತಲ್ಲದ ಹೊತ್ತಿಗೆ ಯಾರದೋ ಬಂಡಿ ಹತ್ತಿ ಹೋಗುವವಳು, ನಾಳೆ ಜನ ಏನೆಂದಾರು ಎಂದ. ಕೊನೆಗೆ ಅವಳು ದವಾಖಾನೆಯ ಪಡಸಾಲೆಯಲ್ಲೇ ಟ್ರಂಕು ಇಟ್ಟು, ರೋಗಿಗಳನ್ನು ಮಲಗಿಸುವ ಬೆಂಚಿನ ಮೇಲೆ ಮಲಗತೊಡಗಿದಳು. ಊರ ಬಾವಿಗೂ ಬಿಡಲಿಲ್ಲ. ಹಳ್ಳದಿಂದ ನೀರು ಹೊತ್ತು ತಂದು, ಕಾಯಿಸಿ, ಅದರಲ್ಲೇ ಗಾಯ ತೊಳೆಯುತ್ತಿದ್ದಳು.

ಅದೇ ಊರಿನಲ್ಲಿ ಗೌರಾಬಾಯಿ ಎಂಬ ವಿಧವೆ ಇದ್ದಳು. ದೌಲತರಾಯನ ತೀರಿಹೋದ ತಮ್ಮನ ಹೆಂಡತಿ. ಮನೆಯಲ್ಲಿ ಅತ್ತೆ ನಿಂಬೆವ್ವ, ಮಗ ಭೀಮಶಾ. ಮಗಳು ಗಂಗುಬಾಯಿ ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಮಗಳ ಕಾಲು ಊದಿದ್ದವು. ಬೆಳ್ಳಿಯ ಕಾಲುಂಗುರ ಬೆರಳಿಗೆ ಕಚ್ಚಿಕೊಂಡು ತೆಗೆಯಲು ಬರುತ್ತಿರಲಿಲ್ಲ. ಬಸುರಿಯರಿಗೆ ಇದೆಲ್ಲ ಇದ್ದದ್ದೇ ಎಂದು ನಿಂಬೆವ್ವ ಹೇಳಿದಳು. ಗೌರಾಬಾಯಿಗೆ ಮನಸ್ಸು ತಡೆಯಲಿಲ್ಲ. ಹಿಂದಿನ ವರ್ಷ ಪಕ್ಕದ ಮನೆಯ ಸೈದಪ್ಪನ ಹೆಂಡತಿಯ ಕಾಲು ಹೀಗೇ ಊದಿದ್ದವು. ಆಕೆ ಹೆರಿಗೆಯಲ್ಲಿ ಸೆಟೆದು ಸೆಟೆದು ತೀರಿಕೊಂಡಿದ್ದಳು. ದೆವ್ವ ಹಿಡಿದಿದೆ ಎಂದು ಊರವರು ಆಕೆಗೆ ಬರೆ ಹಾಕಿದ್ದನ್ನು ಗೌರಾಬಾಯಿ ಕಣ್ಣಾರೆ ಕಂಡಿದ್ದಳು.

ಅವಳು ಮಗಳನ್ನು ಕರೆದುಕೊಂಡು ದವಾಖಾನೆಗೆ ಹೋದಳು. ಫಕ್ರುನ್ನಿಸಾ ಕಾಲು ಒತ್ತಿ ನೋಡಿದಳು. ಬೆರಳು ಒತ್ತಿದ ಜಾಗದಲ್ಲಿ ಕುಳಿ ಬಿತ್ತು. ಗಂಗುಬಾಯಿಯ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಹಿಡಿದು ದೀಪದ ಮೇಲೆ ಕಾಯಿಸಿದಳು. ಅದು ನೀರುಮಜ್ಜಿಗೆಯಂತೆ ಮಬ್ಬಾಯಿತು.

ಇದು ಬಸುರಿನಲ್ಲಿ ಬರುವ ಒಂದು ರೋಗ, ಬಿಟ್ಟರೆ ಸೆಳೆತ ಬರುತ್ತದೆ, ಮೇಲಿಂದ ಮೇಲೆ ನೋಡುತ್ತಿರಬೇಕು ಎಂದು ಫಕ್ರುನ್ನಿಸಾ ತಿಳಿಸಿ ಹೇಳಿದಳು. ನಳಿಗೆ ತೊಳೆದಿಟ್ಟಳು. ಆಮೇಲೆ, ತಾನು ಸಂತೆಯ ಬಂಡಿಗೆ ಹೊರಡುತ್ತಿದ್ದೇನೆ, ಮಗಳನ್ನು ಜೇವರಗಿಗೆ ಒಯ್ದು ತೋರಿಸಿರಿ ಎಂದಳು.

"ಯಾಕ ಹೊಂಟೀರಿ?" ಎಂದು ಗೌರಾಬಾಯಿ ಕೇಳಿದಳು.

"ಅಕ್ಕಾ, ನಾ ಕೆಲಸಕ್ಕ ಅಂಜಾಂಗಿಲ್ರಿ. ಆದರ ಬಾಗಿಲಿಗೆ ಒಳಗಿನ ಚಿಲಕ ಇಲ್ಲದ ಪಡಸಾಲ್ಯಾಗ ಹೆಣ್ಣುಮಗಳು ಎಷ್ಟು ದಿನ ಮಲಗಬೇಕು? ಜ್ವರ ಬಂದರ ನನಗ ಒಂದು ತಂಬಿಗಿ ನೀರು ಕೊಡೋರಿಲ್ಲ."

ಗೌರಾಬಾಯಿ ಬೆಂಚಿನ ಕಡೆ ನೋಡಿದಳು, ಟ್ರಂಕಿನ ಕಡೆ ನೋಡಿದಳು. ಹಿಂದೆ ಹೋದ ಇಬ್ಬರೂ ಯಾಕೆ ಹೋದರೆಂದು ಅವಳಿಗೆ ಆಗ ತಿಳಿಯಿತು. ಬಗ್ಗಿ ಟ್ರಂಕಿನ ಒಂದು ಹಿಡಿ ಹಿಡಿದಳು.

"ಆ ಕಡಿ ನೀವು ಹಿಡೀರಿ. ನಮ್ಮ ಮನಿಗೆ ಹೋಗೂಣು."

ಗಂಗುಬಾಯಿಯನ್ನು ಮುಂದೆ ಬಿಟ್ಟುಕೊಂಡು ಇಬ್ಬರು ಹೆಂಗಸರು ಹಾಡಹಗಲೇ ಟ್ರಂಕು ಹಿಡಿದುಕೊಂಡು ಊರ ನಡುವೆ ಹಾದು ಬಂದರು. ಹೊಸಿಲಲ್ಲಿ ನಿಂಬೆವ್ವ ಕಂಡಳು. ನನ್ನ ಜೀವ ಇರುವ ತನಕ ಆಕೆ ಒಳಗೆ ಬರುವ ಹಾಗಿಲ್ಲ ಎಂದಳು. ಗೌರಾಬಾಯಿ ಜಗಳ ಮಾಡಲಿಲ್ಲ. ಮುಂದಿನ ಕೋಣೆಯಲ್ಲಿದ್ದ ಜೋಳದ ಚೀಲಗಳನ್ನು ಒಳಗೆ ಸಾಗಿಸಿ, ಕಸ ಗುಡಿಸಿ, ಅಲ್ಲಿ ಟ್ರಂಕು ಇಟ್ಟಳು.

ಸಂಜೆಯ ಹೊತ್ತಿಗೆ ದೌಲತರಾಯ ನಾಲ್ಕು ಜನರನ್ನು ಕಟ್ಟಿಕೊಂಡು ಬಂದು ಅಂಗಳದಲ್ಲಿ ನಿಂತ. ಈಕೆಯನ್ನು ಹೊರಗೆ ಹಾಕದಿದ್ದರೆ ನಿಮ್ಮ ಮನೆಯ ಒಳ್ಳೆಯದಕ್ಕೂ ಕೆಟ್ಟದ್ದಕ್ಕೂ ಯಾರೂ ಬರುವುದಿಲ್ಲ, ನಿನ್ನ ಹೊಲಕ್ಕೆ ಆಳು ಸಿಗುವುದಿಲ್ಲ ಎಂದ. ಗೌರಾಬಾಯಿ ಸೆರಗು ತಲೆಯ ಮೇಲೆಳೆದುಕೊಂಡು ಬಾಗಿಲಲ್ಲಿ ನಿಂತಳು. ಗಂಡನ ಅಣ್ಣನ ಎದುರು ಆ ತನಕ ಅವಳು ದನಿ ತೆಗೆದವಳಲ್ಲ.

"ಸೈದಪ್ಪನ ಹೇಣ್ತಿ ಸಾಯೂ ಮುಂದ ನೀವೆಲ್ಲಾರೂ ಬಂದಿದ್ರಿ ಭಾವ. ಬಂದು ಏನು ಮಾಡಿದ್ರಿ? ಬರಿ ಹಾಕಿದ್ರಿ. ಬರಬ್ಯಾಡ್ರಿ. ಆಳು ಬರದಿದ್ದರ ನಾ ಮತ್ತ ನನ್ನ ಮಗ ಹೊಲದ ಕಸಾ ತೆಗೀತೇವಿ. ಈ ಕ್ವಾಣಿ ನನ್ನ ಗಂಡನ ಪಾಲಿಗೆ ಬಂದದ್ದು. ಇದರಾಗ ಯಾರು ಇರಬೇಕು ಅಂಬೂದು ನಾ ಹೇಳ್ತೇನಿ."

ಬಂದವರು ತಿರುಗಿ ಹೋದರು. ಆದರೆ ಆಡಿದಂತೆಯೇ ಮಾಡಿದರು. ಬಾವಿಯಲ್ಲಿ ಗೌರಾಬಾಯಿ ಕೊಡ ಇಳಿಸಿದರೆ ಉಳಿದವರು ಪಕ್ಕಕ್ಕೆ ಸರಿಯುತ್ತಿದ್ದರು. ಹೊಲದ ಕಳೆ ತೆಗೆಯಲು ಒಬ್ಬ ಆಳೂ ಬರಲಿಲ್ಲ. ನಿಂಬೆವ್ವ ತನ್ನ ನೀರಿನ ತಂಬಿಗೆಯನ್ನು ಗೂಟಕ್ಕೆ ಎತ್ತರದಲ್ಲಿ ನೇತುಹಾಕಿದಳು. ನರ್ಸಬಾಯಿ ಹಾದುಹೋದ ಜಾಗಕ್ಕೆ ನೀರು ಚಿಮುಕಿಸುತ್ತಿದ್ದಳು. ಫಕ್ರುನ್ನಿಸಾ ನೋಡಿಯೂ ನೋಡದಂತೆ ಇರುತ್ತಿದ್ದಳು. ಮುಂಜಾನೆ ದವಾಖಾನೆ, ಸಂಜೆ ಗಂಗುಬಾಯಿಯ ಕಾಲು ನೋಡುವುದು, ಆಕೆಯನ್ನು ಎಡ ಮಗ್ಗುಲಿಗೆ ಮಲಗಿಸುವುದು.

ಶ್ರಾವಣದಲ್ಲಿ ಜೇವರಗಿಯಿಂದ ಹುಕುಂ ಬಂತು. ಹಳ್ಳಿಯ ದವಾಖಾನೆಗಳಲ್ಲಿ ಕೆಲಸ ಮಾಡುವ ನರ್ಸಬಾಯಿಯರು, ಕಂಪೌಂಡರರು, ಸಿಡುಬು ಬಾರದಂತೆ ದೇವಿ ಹಾಕುವವರು ಎಲ್ಲರೂ ಬರಬೇಕು, ಪಾಠ ಇದೆ ಎಂದು. ಗಂಗುಬಾಯಿಯನ್ನು ಬಿಟ್ಟು ಹೋಗಲು ಫಕ್ರುನ್ನಿಸಾಗೆ ಮನಸ್ಸಿರಲಿಲ್ಲ. ಹೊರಡುವ ಮುಂಚೆ ತಾಯಿಯನ್ನೂ ಅಜ್ಜಿಯನ್ನೂ ಕೂಡಿಸಿಕೊಂಡು ಹೇಳಿದಳು. ತಲೆ ಸಿಡಿಯುವಂತೆ ನೋವು ಬಂದರೆ, ಕಣ್ಣು ಮಂಜಾದರೆ, ಮುಖ ಊದಿದರೆ, ಎದೆಗೂಡಿನ ಕೆಳಗೆ ಹೊಟ್ಟೆ ನೊಂದರೆ ಕೂಡಲೇ ಬಂಡಿ ಕಳಿಸಿರಿ. ಸೆಳೆತ ಬಂದರೆ ಪಕ್ಕಕ್ಕೆ ಮಲಗಿಸಿರಿ. ಬಾಯಲ್ಲಿ ಏನೂ ಇಡಬೇಡಿರಿ, ನೀರು ಹಾಕಬೇಡಿರಿ. ಜನ ಸೇರಿಸಬೇಡಿರಿ. ನಿಂಬೆವ್ವ ಗೋಡೆಗೆ ಮುಖ ಮಾಡಿ ಕೂತಿದ್ದಳು. ಕಿವಿ ಮಾತ್ರ ಇತ್ತ ಇತ್ತು.

ಜೇವರಗಿಯಲ್ಲಿ ಪಾಠ ಹೇಳಲು ಬಂದವರು ಜಹೀರುದ್ದೀನ ಎಂಬ ದೊಡ್ಡ ಡಾಕ್ಟರರು. ಹಳ್ಳಿಯ ದವಾಖಾನೆಗಳು ಯಾಕೆ ನಡೆಯುವುದಿಲ್ಲ ಎಂಬುದೇ ಮೊದಲ ದಿನದ ಪಾಠ. ರಸ್ತೆ ಇಲ್ಲ, ಔಷಧಿ ಹೊತ್ತಿಗೆ ಮುಟ್ಟುವುದಿಲ್ಲ, ಜನ ರೋಗ ಬಲಿತ ಮೇಲೆ ಬರುತ್ತಾರೆ ಎಂದು ಅವರು ಒಂದೊಂದಾಗಿ ಹೇಳಿದರು. ಎಲ್ಲ ನಿಜವೇ. ಆದರೂ ಫಕ್ರುನ್ನಿಸಾ ಎದ್ದು ನಿಂತಳು. ಸಾಹೇಬರೆ, ಒಂದು ಮಾತು ಉಳಿಯಿತು ಎಂದಳು. ನೀವು ನಮ್ಮನ್ನು ಊರಿಗೆ ಕಳಿಸುತ್ತೀರಿ, ಎಲ್ಲಿ ಮಲಗಬೇಕು ಎಂದು ಹೇಳುವುದಿಲ್ಲ. ಊರವರು ನರ್ಸು ಬೇಕು ಎನ್ನುತ್ತಾರೆ, ಬಾವಿಗೆ ಬಿಡುವುದಿಲ್ಲ. ನಡುವೆ ನಾವು ಓಡಿಹೋದೆವು ಎಂದು ಇಬ್ಬರೂ ನಮ್ಮನ್ನೇ ಅನ್ನುತ್ತೀರಿ ಎಂದಳು. ಅವಳು ಕೂತ ಮೇಲೆ ಅಫಜಲಪುರದ ಕಡೆಯ ಇನ್ನೊಬ್ಬ ನರ್ಸಬಾಯಿ ಎದ್ದಳು. ಆಮೇಲೆ ಕಂಪೌಂಡರರೂ ಬಾಯಿ ಬಿಟ್ಟರು. ಎಲ್ಲರದೂ ಅದೇ ಗೋಳು.

ಡಾಕ್ಟರರು ನಡುವೆ ಬಾಯಿ ಹಾಕದೆ ಕೇಳಿದರು. ಪಾಠ ಮುಗಿದ ಮೇಲೆ ಫಕ್ರುನ್ನಿಸಾಳನ್ನು ಕರೆದು, ಅಷ್ಟು ಕಷ್ಟವಿದ್ದರೆ ಗುಲ್ಬರ್ಗಾಕ್ಕೆ ಬದಲಿ ಮಾಡಿಸುತ್ತೇನೆ ಎಂದರು.

"ನನಗ ಬದಲಿ ಬ್ಯಾಡ್ರಿ," ಎಂದಳು ಅವಳು. "ಮನಿ ಬೇಕ್ರಿ. ನಾ ಹ್ವಾದರ ನನ್ನ ಹಿಂದ ಬರೂ ಹುಡಿಗಿನೂ ಅದೇ ಬೆಂಚಿನ ಮ್ಯಾಗ ಮಲಗ್ತಾಳ."

ಮರುದಿನ ಬೆಳಿಗ್ಗೆ ಹಿರೇಜಾಲಿಯಲ್ಲಿ ಗಂಗುಬಾಯಿ ತಲೆ ಹಿಡಿದುಕೊಂಡು ಎದ್ದಳು. ಒಲೆಯ ಬೆಂಕಿ ಮಬ್ಬಾಗಿ ಕಾಣುತ್ತದೆ ಎಂದಳು. ಗೌರಾಬಾಯಿ ತಡಮಾಡಲಿಲ್ಲ. ಆದರೆ ಅವಳ ಎತ್ತುಗಳು ಮುದಿಯಾಗಿದ್ದವು. ಓಡುವ ಎತ್ತು ಇದ್ದದ್ದು ದೌಲತರಾಯನ ಕೊಟ್ಟಿಗೆಯಲ್ಲಿ. ಅವಳು ಮಗನನ್ನು ಕರೆದುಕೊಂಡು ನೇರ ಆ ಕೊಟ್ಟಿಗೆಗೆ ಹೋಗಿ ಹಗ್ಗ ಬಿಚ್ಚಿದಳು. ದೌಲತರಾಯ ಹಲ್ಲುಜ್ಜುತ್ತಾ ಹೊರಗೆ ಬಂದು, ಯಾರನ್ನು ಕೇಳಿ ಬಿಚ್ಚುತ್ತೀ ಎಂದ.

"ಕೇಳಿದರ ಇಲ್ಲ ಅಂತೀರಿ. ಅದಕ್ಕ ಕೇಳಾಂಗಿಲ್ಲ. ನನ್ನ ಮಗಳು ಬದುಕಬೇಕು."

ಭೀಮಶಾ ಬಂಡಿ ಹೂಡಿ ಜೇವರಗಿಯ ಹಾದಿ ಹಿಡಿದ.

ಬಂಡಿ ಊರು ದಾಟಿ ಸ್ವಲ್ಪ ಹೊತ್ತಿಗೆ ಇತ್ತ ಮನೆಯಲ್ಲಿ ಗಂಗುಬಾಯಿಗೆ ಸೆಳೆತ ಬಂತು. ಕಣ್ಣು ಮೇಲೆ ಸಿಕ್ಕಿಕೊಂಡವು, ಕೈಕಾಲು ಸೆಟೆದವು. ತಾಯಿ ಅವಳನ್ನು ಪಕ್ಕಕ್ಕೆ ಮಲಗಿಸಿ ಹಿಡಿದುಕೊಂಡಳು. ಸುದ್ದಿ ಹರಡಿತು. ಅಷ್ಟು ದಿನ ಅತ್ತ ಸುಳಿಯದ ಜನ ಈಗ ಬಂದರು. ಒಬ್ಬ ಮೆಣಸಿನಕಾಯಿ ಹೊಗೆ ಹಾಕಬೇಕೆಂದ. ಇನ್ನೊಬ್ಬ ಕುಡುಗೋಲು ಕಾಯಿಸಲು ಹೇಳಿದ. ಗೌರಾಬಾಯಿ ಮಗಳನ್ನು ಬಿಟ್ಟು ಏಳುವಂತಿರಲಿಲ್ಲ. ಆಗ ನಿಂಬೆವ್ವ ಎದ್ದು ಬಂದು ಹೊಸಿಲಿನ ಮೇಲೆ ಅಡ್ಡ ಕೂತಳು. ಬಡಿಗೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ದೆವ್ವ ಬಂದದ ಅಂತೀರಿ. ನಾನೂ ಹಂಗ ಅಂತಿದ್ದೆ. ಆದರ ಆ ನರ್ಸಬಾಯಿ ತಲಿನೋವು ಬರ್ತದ ಅಂದಳು, ಬಂತು. ಕಣ್ಣು ಮಂಜಾಗ್ತದ ಅಂದಳು, ಆತು. ಸೆಳಿತಾ ಬರ್ತದ ಅಂದಳು, ಬಂತು. ದೆವ್ವ ಇದ್ದರ ಆಕಿಗೆ ಮೊದಲ ಹ್ಯಾಂಗ ಗೊತ್ತಾಗಬೇಕು? ಇದು ಬ್ಯಾನಿ. ಬ್ಯಾನಿ ಬಲ್ಲಾಕಿ ಬರೂ ತನಕ ಒಬ್ಬರೂ ಒಳಗ ಕಾಲಿಡಬ್ಯಾಡ್ರಿ."

ಕುಡುಗೋಲು ಹಿಡಿದವನು ಮುದುಕಿಯನ್ನು ದಾಟುವ ಧೈರ್ಯ ಮಾಡಲಿಲ್ಲ.

ಜೇವರಗಿಯಲ್ಲಿ ಎರಡನೆಯ ದಿನದ ಪಾಠ ನಡೆದಿತ್ತು. ಭೀಮಶಾ ಬೆವರು ಸುರಿಸುತ್ತಾ ಬಾಗಿಲಲ್ಲಿ ಬಂದು ನಿಂತ. ಫಕ್ರುನ್ನಿಸಾ ಅವನ ಮುಖ ನೋಡಿಯೇ ಎದ್ದಳು. ಡಾಕ್ಟರರೂ ಮದ್ದಿನ ಪೆಟ್ಟಿಗೆ ತೆಗೆದುಕೊಂಡರು. ಅವರ ಮೋಟಾರು ಹಳ್ಳದ ತನಕ ಬಂತು. ಹಳ್ಳದಲ್ಲಿ ಮಳೆಯ ನೀರು ತೊಡೆಯ ಮಟ್ಟ ಹರಿಯುತ್ತಿತ್ತು. ಫಕ್ರುನ್ನಿಸಾ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ಮುಂದೆ ನಡೆದಳು. ಡಾಕ್ಟರರು ಭೀಮಶಾನ ಹೆಗಲು ಹಿಡಿದು ಹಿಂದೆ ನಡೆದರು.

ಅವರು ಬರುವುದನ್ನು ಕಂಡು ನಿಂಬೆವ್ವ ಹೊಸಿಲು ಬಿಟ್ಟು ಎದ್ದಳು. ಗಂಡಸು ಡಾಕ್ಟರರು ಬಾಣಂತಿ ಕೋಣೆಗೆ ಬರುವುದು ಹೇಗೆ ಎಂದು ಹಿಂದಿನಿಂದ ಯಾರೋ ಗೊಣಗಿದರು. ಮುದುಕಿ ತಾನು ಹೊದೆಯುವ ಕೌದಿಯನ್ನು ಪರದೆಯಂತೆ ಅಡ್ಡ ಹಿಡಿದಳು. ಅಷ್ಟರಲ್ಲಿ ಹೆರಿಗೆ ನೋವೂ ಶುರುವಾಗಿತ್ತು. ಡಾಕ್ಟರರು ಸೆಳೆತಕ್ಕೆ ಸೂಜಿಮದ್ದು ಕೊಟ್ಟು ಕೌದಿಯ ಆಚೆ ಕೂತು ಹೇಳುತ್ತಿದ್ದರು, ಫಕ್ರುನ್ನಿಸಾ ಈಚೆ ಮಾಡುತ್ತಿದ್ದಳು. ಹೊತ್ತು ಮುಳುಗುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಸಣ್ಣ ಕೂಸು, ತಡವಾಗಿ ಅತ್ತಿತು. ಗಂಗುಬಾಯಿ ಮರುದಿನ ಎಚ್ಚರಗೊಂಡು, ತಾಯಿಯನ್ನು ಗುರುತು ಹಿಡಿದಳು. ನಿಂಬೆವ್ವ ಗೂಟದ ಮೇಲಿನ ತಂಬಿಗೆ ಇಳಿಸಿ, ನೀರು ತುಂಬಿ, ನರ್ಸಬಾಯಿಯ ಕೈಗೆ ಕೊಟ್ಟಳು. ಕುಡಿ, ನಿನ್ನೆಯಿಂದ ಉಪವಾಸ ಇದ್ದೀ ಎಂದಳು.

ಎತ್ತು ಬಿಚ್ಚಿದ ತಕರಾರನ್ನು ದೌಲತರಾಯ ಚಾವಡಿಗೆ ತಂದ. ಗೌರಾಬಾಯಿ ತಪ್ಪಾಯಿತು ಎನ್ನಲಿಲ್ಲ.

"ಹೌದ್ರಿ, ಬಿಚ್ಚಿದೆ. ನಾಳಿ ನಿಮ್ಮ ಮನಿ ಹೆಣ್ಣುಮಗಳಿಗೆ ಹಿಂಗಾದರೂ ಬಿಚ್ಚತೇನಿ."

ತಕರಾರು ಅಲ್ಲಿಗೇ ಬಿದ್ದುಹೋಯಿತು. ಸೈದಪ್ಪ ಎದ್ದು, ದವಾಖಾನೆಯ ಬಗಲಿಗೆ ನನ್ನ ಖಾಲಿ ಜಾಗ ಇದೆ, ನರ್ಸಬಾಯಿಯ ಮನೆಗೆ ಕೊಡುತ್ತೇನೆ ಎಂದ. ಕರೀಮಸಾಬ ತೊಲೆ ಕೊಟ್ಟ. ಹೆಂಗಸರು ಹಳ್ಳದಿಂದ ಕಲ್ಲು ಹೊತ್ತರು. ದೌಲತರಾಯ ಕೊನೆಯ ತನಕ ಒಪ್ಪಲಿಲ್ಲ, ಗೌರಾಬಾಯಿಯ ಅಂಗಳಕ್ಕೆ ಮತ್ತೆ ಕಾಲಿಡಲೂ ಇಲ್ಲ. ಆದರೆ ಅವನ ಸೊಸೆ ಬಸುರಾದಾಗ ಹಿತ್ತಲ ಬಾಗಿಲಿಂದ ಬಂದು ಕಾಲು ತೋರಿಸಿಕೊಂಡು ಹೋದಳು. ಜಹೀರುದ್ದೀನ ಡಾಕ್ಟರರು ಆಮೇಲೆ ಎಲ್ಲಿ ಪಾಠ ಹೇಳಿದರೂ ಔಷಧಿಯ ಮಾತಿಗೆ ಮೊದಲು, ನೀವು ಎಲ್ಲಿ ಇರುತ್ತೀರಿ, ನೀರು ಎಲ್ಲಿಂದ ತರುತ್ತೀರಿ ಎಂದು ಕೇಳುತ್ತಿದ್ದರು.

ಈ ಕಥೆ ಕೇಳಿದ ಅಕ್ಕಂದಿರೆ, ಅಣ್ಣಂದಿರೆ, ಬಸುರಿ ಹೆಣ್ಣಿನ ಕಾಲು, ಮುಖ ಊದಿದರೆ ಇದ್ದದ್ದೇ ಎಂದು ಬಿಡಬೇಡಿ. ತಲೆ ಸಿಡಿದರೆ, ಕಣ್ಣು ಮಂಜಾದರೆ ಆ ಗಳಿಗೆಯಲ್ಲೇ ದವಾಖಾನೆಗೆ ಹೊರಡಿ. ಸೆಳೆತ ದೆವ್ವವಲ್ಲ, ರೋಗ; ಅದಕ್ಕೆ ಮದ್ದು ಇದೆ. ಆ ಮದ್ದು ಕೊಡುವವರು ನಿಮ್ಮ ಊರಲ್ಲಿ ಉಳಿಯುವುದು ನಿಮ್ಮ ಕೈಯಲ್ಲಿದೆ. ಅವರ ಜಾತಿ ಕೇಳುವುದನ್ನು ಬಿಡಿ. ಚಿಲಕ ಇರುವ ಬಾಗಿಲು ಕೊಡಿ, ನಿಮ್ಮ ಬಾವಿಯ ನೀರು ಕೊಡಿ. ನಿಮ್ಮ ಮಗಳು ಆ ಕೆಲಸ ಕಲಿಯುತ್ತೇನೆ ಎಂದರೆ ಕಳಿಸಿಕೊಡಿ. ಊರು ಏನೆನ್ನುತ್ತದೋ ಎಂದು ಅಂಜುತ್ತೀರಾ? ಊರು ಎಂದರೆ ನೀವೇ. ನೀವು ಗಟ್ಟಿಯಾಗಿ ಹೇಳಿದ್ದನ್ನೇ ಊರು ನಾಳೆ ಹೇಳುತ್ತದೆ.