ಒಂದೇ ಗೊರಸು

ಒತ್ತಿದರೆ ಮೊಬೈಲಿನೊಳಗಿನ ಹೆಸರು ಬೂದಿಬಣ್ಣಕ್ಕೆ ತಿರುಗುತ್ತದೆ, ಬೆರಳು ತೆಗೆದರೆ ಮತ್ತೆ ಬಿಳಿ, ಅಷ್ಟೇ — ಯಾಸೀನ ಡಾಕ್ಟರ್, ದನದ ದವಾಖಾನಿ, ಇಜೇರಿ — ಕಲ್ಯಾಣಪ್ಪ ಮುತ್ಯಾ ಇನ್ನೊಮ್ಮೆ ಒತ್ತಿದ, ಬೂದಿ, ಬಿಳಿ, ಎದುರಿಗೆ ಎಮ್ಮೆ ಈಯಲು ತಿಣುಕುತ್ತಿದೆ, ಕರುವಿನ ಒಂದೇ ಗೊರಸು ಹೊರಬಂದಿದೆ, ಹಸಿ ಕೊಬ್ಬರಿಯ ಹಾಗೆ ಬೆಳ್ಳಗೆ, ಎರಡು ಬರಬೇಕಿತ್ತು, ಎರಡರ ನಡುವೆ ಮೂಗು, ಒಂದು ಕಾಲು ಒಳಗೇ ಮಡಚಿಕೊಂಡಿದೆ, ಮೊದಲಾಗಿದ್ದರೆ ತಾನೇ ಕೈ ಹಾಕಿ ಬಿಡಿಸುತ್ತಿದ್ದ, ಈಗ ಮಣಿಕಟ್ಟಿನಲ್ಲಿ ಬಲವೆಲ್ಲಿ — ಏ ಸಪ್ನಾ, ಇದು ಹತ್ತವಲ್ದು ನೋಡಬೇ. ಒಂದ್ ಮಿನಿಟ್ ಮುತ್ಯಾ, ಎಂದಳು ಕಟ್ಟೆಯ ಮೇಲಿನ ಮೊಮ್ಮಗಳು, ತೊಡೆಯ ಮೇಲೆ ಲ್ಯಾಪ್‌ಟಾಪು, ಅದರೊಳಗಿಂದ ಜೇವರ್ಗಿಯ ಸಂಜುಕುಮಾರನ ಧ್ವನಿ, ಹೆಸರು ಒತ್ತಿದರೆ ಫೋನ್ ಹೋಗಲೆಂದು ಇಬ್ಬರೂ ಸೇರಿ ಮಾಡುತ್ತಿರುವ ಆ್ಯಪು ಇದು — ಒತ್ತಿದ್ದು ಪಟ್ಟಿಗೆ ಗೊತ್ತಾಗೇತಿ ಸಂಜು, ಪರದೆಗೆ ಹೇಳೋರಿಲ್ಲ, ಹಳೇ ಕೋಡ್ ನಿನ್ನೆ ಕಿತ್ತು ಒಗದೀವಿ, ಕಾಲ್‌ಬ್ಯಾಕ್ ಹಾಕಿ ಮುಗಸೋಣು. ಬ್ಯಾಡ, ಇಂಟರ್‌ಫೇಸ್ ಮಾಡು, ನಾಳೆ ಒತ್ತಿ ಹಿಡಿಯೋದೂ ಬರತೈತಿ, ಆಗ ಏನ್ ಮಾಡ್ತಿ, ಎಂದ ಸಂಜು. ಥೂ, ನಾಳಿನ ಮಾತು, ಎಂದುಕೊಂಡ ಮುತ್ಯಾ. ನಿನ್ನೆ ಸಪ್ನಾಳೇ ಅವನಿಗೆ ಬಿಡಿಸಿ ಹೇಳಿದ್ದಳು, ಕಾಲ್‌ಬ್ಯಾಕ್ ಅಂದರೆ ಇಂಥದ್ದಾದರೆ ನನಗೆ ತಿಳಿಸು ಎಂದು ಒಬ್ಬನ ಕಿವಿಗೆ ಹಾಕಿ ಬರುವುದು — ತನ್ನ ಅಪ್ಪನೂ ದಶರಥನ ಚಹಾದಂಗಡಿಯಲ್ಲಿ ಹಾಗೇ ಹೇಳಿ ಬರುತ್ತಿದ್ದ, ಡಾಕ್ಟರ್ ಬಸ್ ಇಳದ್ರ ಹೇಳಪಾ, ಸುದ್ದಿ ಬರುತ್ತಿತ್ತು — ಇಂಟರ್‌ಫೇಸ್ ಅಂದರೆ ಊರ ವಾಲಿಕಾರನ ಕೆಲಸದ ಹಾಗೆ, ಆ ಜಾಗದಲ್ಲಿ ಯಾರೇ ನಿಂತರೂ ಇಂತಿಂಥ ಸುದ್ದಿ ಮುಟ್ಟಿಸಲೇಬೇಕು, ಅದೂ ಬರುತ್ತಿತ್ತು, ಎರಡರಲ್ಲೂ ಬರುತ್ತಿತ್ತಲ್ಲ, ಯಾವುದೋ ಒಂದು ಮಾಡಿ ತೀರಿಸಬಾರದೆ, ಗೊರಸು ಅಲುಗಿತು, ಜೀವ ಇದೆ ಇನ್ನೂ — ನಂಬರ್ ಬಾಯಿಲೇ ಹೇಳಬೇ ಯವ್ವಾ. ಒತ್ತಿದ ಮ್ಯಾಲೇ ಬರತೈತಿ ಮುತ್ಯಾ, ನನಗೆಲ್ಲಿ ಬಾಯಿಪಾಠ ಐತಿ. ಡಾಕ್ಟರ್ ಹೊಸಬ, ಕೊಳಕೂರಿನ ಈ ಓಣಿಯಲ್ಲಿ ಯಾರ ಹತ್ತಿರವೂ ಅವನ ನಂಬರಿಲ್ಲ, ಕೇಳಿ ಬಂದದ್ದಾಯಿತು. ಎಮ್ಮೀಗೆ ಸ್ವಲ್ಪ ತಡಿ ಅನ್ರಿ ಮುತ್ಯಾ, ಎಂದು ನಕ್ಕ ಸಂಜು. ಲೇ, ನೀನೇ ಬಂದು ಹೇಳಲೇ ಅದಕ — ನಗು ನಿಂತಿತು, ಕೀಲಿಗಳ ಟಕಟಕ, ಎಮ್ಮೆಯ ಏದುಸಿರು, ಅದು ಕತ್ತು ತಿರುಗಿಸಿ ಮುತ್ಯಾನನ್ನೇ ನೋಡುತ್ತಿದೆ, ಗೊರಸು ಮತ್ತೆ ಅಲುಗಿತೇ, ಇಲ್ಲ, ಬಾಲ ತಾಗಿತು — ಆತು ಮುತ್ಯಾ, ಕಾಲ್‌ಬ್ಯಾಕೇ ಹಾಕೇನಿ, ಈಗ ಒತ್ತು — ಬೂದಿ, ಬಿಳಿ, ರಿಂಗ್ ಆಗುತ್ತಿದೆ, ಆಗುತ್ತಿದೆ — ಹಲೋ, ಯಾಸೀನ ಡಾಕ್ಟರ್ ಮಾತಾಡಾಕತ್ತೇನಿ, ಹೇಳ್ರಿ, ಏನಾಗೇತ್ರಿ — ಏನಾಗಿದೆ, ಎಮ್ಮೆ ತಿಣುಕುವುದನ್ನು ಬಿಟ್ಟಿದೆ, ನೊಣವೊಂದು ಹಾರಿ ಬಂದು ಕೂತಿತು, ಗೊರಸು ಅದನ್ನು ಕೊಡವಲಿಲ್ಲ — ಹಲೋ, ಕೇಳಾಕತ್ತೈತೇನ್ರಿ, ಹಲೋ — ಬೆಳ್ಳಗೆ, ಒಂದೇ, ನೊಣ ಕೂತ ಗೊರಸು